ಬೋರಣ್ಣನ ಓಲ್ಡಾನ್

ಗಾಳಕ್ಕೆ ಮೀನು ಬಾಯಿ ಹಾಕಿದರೆ ಎಲ್ಲರೂ ದಾರ ಎಳೆಯುತ್ತಾರೆ. ಬೋರಣ್ಣ ಎಳೆಯುತ್ತಿರಲಿಲ್ಲ. ‘ರೈಟ್... ರೈಟ್...’ ಅನ್ನುತ್ತಿದ್ದ. ಅವನ ಬೆರಳ ಸಂದಿಯಿಂದ ತಂಗೂಸಿ ದಾರ ಸರಸರನೆ ಜಾರಿ ನೀರಿಗಿಳಿಯುತ್ತಿತ್ತು. ಮೀನು ಕಚ್ಚಿದ್ದನ್ನು ಕಚ್ಚಿಕೊಂಡು ಜೊಂಡಿನ ಕಡೆ ಹೋಗಬೇಕು, ಹೋಗಿ ನಿಲ್ಲಬೇಕು, ನಿಂತು ನುಂಗಬೇಕು. ಅಷ್ಟು ಹೊತ್ತೂ ರೈಟ್. ಆಮೇಲೆ ಇದ್ದಕ್ಕಿದ್ದಂತೆ ‘ಓಲ್ಡಾನ್’ ಅಂದು ಮೊಣಕೈ ಹಿಂದಕ್ಕೆ ಜಗ್ಗಿದನೆಂದರೆ ಆ ಮೀನು ನಮ್ಮದು.

ಅವನು ಬಸ್ ಕಂಡಕ್ಟರ್. ಪಾಂಡವಪುರದಿಂದ ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಅರ್ಧ ಆಯುಷ್ಯ ಕಳೆದವನು. ಬಸ್ಸು ನಿಲ್ಲಿಸಲು ಹೋಲ್ಡಾನ್, ಬಿಡಲು ರೈಟ್. ನಮ್ಮ ಸೀಮೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲವಾಗಿ ಅದು ಓಲ್ಡಾನ್ ಆಗಿತ್ತು. ಚರ್ಮದ ಚೀಲ ಹೊತ್ತು ಹೊತ್ತು ಅವನ ಎಡಭುಜ ಒಂದಿಷ್ಟು ಇಳಿದುಹೋಗಿತ್ತು. ಎಂಥ ಓಲಾಡುವ ತೆಪ್ಪದಲ್ಲೂ ಏನನ್ನೂ ಹಿಡಿಯದೆ ಎದ್ದು ನಿಲ್ಲುತ್ತಿದ್ದ. ನಾವೆಲ್ಲ ಅಂಚು ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದರೆ ಅವನು ಮಾತ್ರ ಟಿಕೆಟ್ ಕೇಳಲು ಬಂದವನ ಹಾಗೆ ನಮ್ಮ ನಡುವೆ ನಿಂತಿರುತ್ತಿದ್ದ.

ನಾನು ಅವನ ಪಕ್ಕದ ಮನೆಯವನು. ನಮ್ಮ ಮನೆತನದಲ್ಲಿ ಡಿಗ್ರಿ ಪಾಸು ಮಾಡಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚವಿಲ್ಲ. ಹಗಲು ಗದ್ದೆಯಲ್ಲಿ ದುಡಿದು, ಬಸ್ಸಿನ ಕಂಬಿಗೆ ಜೋತುಬಿದ್ದು ಓದಿದ ಡಿಗ್ರಿ ಅದು. ಬೀದಿಯವರು ನನ್ನ ಹೆಸರು ಮರೆತು ‘ಬಿಯ್ಯೆ’ ಅಂತಲೇ ಕರೆಯಲು ಶುರುಮಾಡಿದರು. ಮೊದಮೊದಲು ಅದರಲ್ಲಿ ಮರ್ಯಾದೆ ಇತ್ತು. ಅರ್ಜಿ ಹಾಕಿ ಹಾಕಿ ಕೆಲಸ ಸಿಗದೆ ಜಗುಲಿಯಲ್ಲೇ ಕೂರುವಂತಾದಾಗ ಅದೇ ಹೆಸರು ಚುಚ್ಚತೊಡಗಿತು. ಬೋರಣ್ಣನೂ ಹಾಗೇ ಕರೆಯುತ್ತಿದ್ದ, ಆದರೆ ಅವನ ಕರೆಯ ಜೊತೆಗೊಂದು ಕೆಲಸವೂ ಇರುತ್ತಿತ್ತು.

‘ಕುಂತ್ ಕುಂತ್ ಬೇರ್ ಬುಡ್ತೀಯ ಕಣ್ಲಾ ಬಿಯ್ಯೆ. ಬಾ, ಉಟ್ಟಾಕು.’

ಹೀಗೆ ನಾನು ತೊಣ್ಣೂರು ಕೆರೆಯಲ್ಲಿ ಅವನ ತೆಪ್ಪಕ್ಕೆ ಹುಟ್ಟು ಹಾಕುವವನಾದೆ. ತೆಪ್ಪ ಕೆರೆಯ ಮೀನು ಗುತ್ತಿಗೆ ಹಿಡಿದವರದು. ಅವರ ಮೀನಿನ ಬುಟ್ಟಿಗಳನ್ನು ಬೇರೆ ಕಂಡಕ್ಟರುಗಳು ವಾಸನೆ ಅಂತ ಹತ್ತಿಸುತ್ತಿರಲಿಲ್ಲ. ಬೋರಣ್ಣ ಹತ್ತಿಸುತ್ತಿದ್ದ, ಆದರೆ ಲಗೇಜು ಟಿಕೆಟ್ ಹರಿದೇ ಹರಿಯುತ್ತಿದ್ದ. ಅದಕ್ಕೇ ಅವರಿಗೆ ಅವನ ಮೇಲೆ ವಿಶ್ವಾಸ, ಕೇಳಿದಾಗ ತೆಪ್ಪ ಬಿಟ್ಟುಕೊಡುತ್ತಿದ್ದರು.

ಮೀನು ಎಂದರೆ ಅವನಿಗೆ ಕೊರಮೀನು ಒಂದೇ. ಬಲೆಗೆ ಬೀಳುವ ಕಾಟ್ಲಾ, ಜಿಲೇಬಿಗಳನ್ನು ಅವನು ಲೆಕ್ಕಕ್ಕೇ ಇಡುತ್ತಿರಲಿಲ್ಲ. ಕೊರಮೀನು ಹಾವಿನ ತಲೆಯ ಮೀನು. ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ, ಜೊಂಡಿನ ಅಂಚಲ್ಲಿ ಕಪ್ಪೆಗಾಗಿ ಹೊಂಚು ಹಾಕುತ್ತದೆ. ಅದಕ್ಕೆ ಅವನದು ಕೋಲಿಲ್ಲದ ಗಾಳ. ಖಾಲಿ ಪೌಡರ್ ಡಬ್ಬಿಗೆ ತಂಗೂಸಿ ಸುತ್ತಿ, ಡಬ್ಬಿ ಎಡಗೈಲಿ ಹಿಡಿದು, ಬಲಗೈಲಿ ಬೀಸಿ ಎಸೆಯುವುದು. ಒಮ್ಮೆ ಮೈಸೂರಿನ ಅಂಗಡಿಯೊಂದರಲ್ಲಿ ಫಾರಿನ್ ಕೋಲು, ಅದರ ರಾಟೆ ಎಲ್ಲ ತಿರುಗಿಸಿ ತಿರುಗಿಸಿ ನೋಡಿ ವಾಪಸ್ ಇಟ್ಟ. ಯಾಕೆಂದು ಕೇಳಿದೆ. ಮೀನು ಏನು ಹೇಳುತ್ತದೋ ಅದು ಆ ಮಿಷನ್ನಿಗೆ ಗೊತ್ತಾಗುತ್ತದೆ, ತನ್ನ ಬೆರಳಿಗೆ ಸುದ್ದಿ ಬರುವುದಿಲ್ಲ ಅಂದ. ಬಸ್ಸಿಳಿದ ಮೇಲೆ, ‘ಆದ್ರೂ ಚಂದಾಗಿತ್ತು ಕಣ್ಲಾ’ ಎಂದೂ ಸೇರಿಸಿದ.

ಅವನಿಗಿದ್ದ ದೊಡ್ಡ ತೊಡಕು ಶನಿವಾರ. ಡಿಪೋದವರು ಕೊಟ್ಟ ವಾರದ ರಜೆ ಶನಿವಾರ. ಬೋರಣ್ಣನ ಮನೆದೇವರು ಮೇಲುಕೋಟೆಯ ಚೆಲುವರಾಯಸ್ವಾಮಿ, ಶನಿವಾರ ಆ ಮನೆಯಲ್ಲಿ ನೀಸು, ಅಂದರೆ ಮೀನು ಮಾಂಸ, ಮುಟ್ಟುವಂತಿಲ್ಲ. ಹಿಡಿಯಲು ಇರುವುದು ಅದೇ ದಿನ, ತಿನ್ನಬಾರದ್ದೂ ಅದೇ ದಿನ. ಇದಕ್ಕೆ ಬೋರಣ್ಣ ಕಂಡುಕೊಂಡಿದ್ದ ದಾರಿ ದನ ನೀರು ಕುಡಿಯುವ ಕಲ್ಲುತೊಟ್ಟಿ. ಕೊರಮೀನು ಗಟ್ಟಿ ಜೀವ. ಒದ್ದೆ ಗೋಣಿಯಲ್ಲಿ ಸುತ್ತಿ ತಂದು ತೊಟ್ಟಿಗೆ ಬಿಟ್ಟರೆ ಭಾನುವಾರದವರೆಗೆ ಆರಾಮಾಗಿ ಇರುತ್ತಿತ್ತು. ಎಮ್ಮೆ ಮಾತ್ರ ತೊಟ್ಟಿಗೆ ಮೂತಿ ಇಟ್ಟು, ಒಳಗಿನದು ಬಾಲ ಬಡಿದ ಕೂಡಲೇ ಹಗ್ಗ ಕಿತ್ತುಕೊಂಡು ಬೀದಿಗೆ ಓಡುತ್ತಿತ್ತು.

‘ಕೊಲ್ಲದ್ ತಪ್ಪು, ಇಡ್ಯದ್ ತಪ್ಪಲ್ವಾ? ದೇವ್ರಿಗೇನ್ ಕಣ್ಣಿಲ್ವಾ?’ ಅಂತ ಎಮ್ಮೆ ಹಿಂದೆ ಓಡುತ್ತಲೇ ಅವನ ಹೆಂಡತಿ ಸಾಕಮ್ಮಕ್ಕ ಬೈಯುವರು.

‘ಇವತ್ ಟಿಕೀಟ್ ತಗಂಡಿವ್ನಿ ಕಣಮ್ಮಿ. ಪ್ರಯಾಣ ನಾಳಿಕ್ಕೆ’ ಎನ್ನುವನು ಬೋರಣ್ಣ.

ಅವರಿಗೆ ಒಬ್ಬಳೇ ಮಗಳು, ಸವಿತ. ಪಿಯುಸಿ ಓದುತ್ತಿದ್ದಳು. ಬೋರಣ್ಣ ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚಲು ಹೇಸುತ್ತಿದ್ದ. ಸವೆದ ಹಸಿರು ಹವಾಯಿ ಚಪ್ಪಲಿಯನ್ನು ಬ್ಲೇಡಿನಿಂದ ಕೊಯ್ದು ಕಪ್ಪೆ ಮಾಡುತ್ತಿದ್ದ. ಚಪ್ಪಲಿ ತೇಲುತ್ತದಲ್ಲ, ಅದಕ್ಕೆ. ಒಂದು ಸಂಜೆ ಸವಿತ ಅದನ್ನು ಕೈಗೆತ್ತಿಕೊಂಡು ನೋಡಿದಳು.

‘ಅಪ್ಪ, ಇದ್ ಕಪ್ಪೆ ಅಲ್ಲ. ಕಾಲ್ ಮುರ್ಕಂಡಿರೋ ಓತಿಕ್ಯಾತ.’

ಆ ವಾರವಷ್ಟೇ ಅವಳು ಕಾಲೇಜಿನಲ್ಲಿ ಕಪ್ಪೆ ಕೊಯ್ದು ಬಂದಿದ್ದಳು. ಹಿಂಗಾಲು ಮೈಗಿಂತ ಉದ್ದ, ಮಡಿಚಿಕೊಂಡಿರುತ್ತದೆ. ನೀರಲ್ಲಿ ಕೂತಾಗ ಹಿಂಭಾಗ ಮುಳುಗಿ ಮೂತಿ ಮೇಲಿರುತ್ತದೆ ಅಂತೆಲ್ಲ ಹೇಳಿ, ತಾನೇ ಸೈಕಲ್ ಟ್ಯೂಬಿನಿಂದ ಕಾಲು ಕತ್ತರಿಸಿ ಹೊಲಿದು, ಹೊಟ್ಟೆಯ ಹಿಂದೆ ಚೂರು ಸೀಸ ಕಟ್ಟಿ, ಉಗುರುಬಣ್ಣದಿಂದ ಕಣ್ಣು ಬರೆದಳು. ಮುಂದಿನ ಶನಿವಾರ ಆ ಕಪ್ಪೆ ಜೊಂಡಿನ ಪಕ್ಕ ಬಿದ್ದು ಒಂದು ಸಲ ಕಾಲು ಝಾಡಿಸಿತು ನೋಡಿ, ನೀರು ಒಡೆದು ಕೊರಮೀನಿನ ಬಾಯಿ ತೆರೆದುಕೊಂಡಿತು. ಸೋಮವಾರ ಬಸ್ಸಿನಲ್ಲಿ ಬೋರಣ್ಣ ಸೀಟಿನಿಂದ ಸೀಟಿಗೆ, ‘ನನ್ ಮಗ್ಳು ಕಪ್ಪೆ ಕುಯ್ದವ್ಳೆ’ ಅಂತ ಹೇಳಿಕೊಂಡು ಓಡಾಡಿದನಂತೆ. ಇದರಲ್ಲಿ ಸಂತೋಷಪಡುವುದೇನೆಂದು ತಿಳಿಯದೆ ಜನ ಚಿಲ್ಲರೆ ಕೊಟ್ಟು ಸುಮ್ಮನಾದರಂತೆ.

ಅವಳು ಪಿಯುಸಿಯಲ್ಲಿ ಒಳ್ಳೆಯ ನಂಬರು ತೆಗೆದಳು. ಮೈಸೂರಿನ ಕಾಲೇಜಿಗೆ ಬಿಎಸ್ಸಿಗೆ ಸೇರಬೇಕು ಎಂದಳು. ಅದೇ ಹೊತ್ತಿಗೆ ಸಾಕಮ್ಮಕ್ಕನ ಅಣ್ಣ ನಿಂಗೇಗೌಡರು ಕೆ.ಆರ್.ಪೇಟೆ ಕಡೆಯಿಂದ ಒಂದು ಸಂಬಂಧ ತಂದರು. ಹುಡುಗ ಒಳ್ಳೆಯವನು, ಕಬ್ಬಿನ ಗದ್ದೆ, ಟ್ರಾಕ್ಟರು ಎಲ್ಲ ಇತ್ತು. ನಿಂಗೇಗೌಡರೂ ಕೆಟ್ಟವರಲ್ಲ, ತಂಗಿಯ ಮಗಳು ಸುಖವಾಗಿರಲಿ ಅಂತಲೇ ಓಡಾಡಿದವರು. ಭಾನುವಾರ ಬಂದು ತಾಂಬೂಲ ಬದಲಾಯಿಸಿಯೇ ಹೋಗುವುದೆಂದು ಮಾತಾಯಿತು. ಹುಡುಗನ ದೊಡ್ಡಪ್ಪನಿಗೆ ಕೊರಮೀನಿನ ಸಾರೆಂದರೆ ಪ್ರಾಣ, ಭಾವನ ಕೈಚಳಕ ಅವತ್ತು ತೋರಿಸಲಿ ಎಂದು ಹೇಳಿ ಕಳಿಸಿದರು. ಸವಿತ ಒಂದೇ ಸಲ, ‘ನಾನ್ ಓದ್ತೀನಿ ಅಪ್ಪ’ ಅಂದಿದ್ದಳು. ಮತ್ತೆ ಕೇಳಲಿಲ್ಲ, ಅಳಲಿಲ್ಲ. ಹಿತ್ತಲಲ್ಲಿ ಕೂತು ಒಂದರ ಮೇಲೊಂದು ಚಪ್ಪಲಿ ಕಪ್ಪೆ ಮಾಡುತ್ತಿದ್ದಳು.

ಆ ಶನಿವಾರ ತೆಪ್ಪ ನಡುಕೆರೆಗೆ ಬಂದರೂ ಬೋರಣ್ಣ ಡಬ್ಬಿ ಬಿಚ್ಚಲಿಲ್ಲ. ಅವತ್ತು ಮೊದಲ ಸಲ ತೆಪ್ಪದಲ್ಲಿ ಕೂತ. ಸುತ್ತ ಗುಡ್ಡ, ತಿಳಿನೀರು. ನಮ್ಮ ಮಾತು ಕೇಳುವವರು ಯಾರೂ ಇರಲಿಲ್ಲ.

‘ಲೇ ಬಿಯ್ಯೆ, ನಿಜ ಏಳು. ನೀನ್ ಓದ್ದಲ್ಲ, ಏನ್ ಬಂತ್ಲಾ?’

ಈ ಪ್ರಶ್ನೆಯನ್ನು ನಾನು ಅದೆಷ್ಟೋ ಜನರಿಂದ ಕೇಳಿ ಹಲ್ಲು ಕಚ್ಚಿದ್ದೆ. ಆದರೆ ಇವನು ಹಂಗಿಸುತ್ತಿರಲಿಲ್ಲ. ಉತ್ತರ ಬೇಕಾಗಿತ್ತು ಅವನಿಗೆ, ನಾಳೆಯೊಳಗೆ. ಓದಿದರೆ ಎಲ್ಲ ಒಳ್ಳೆಯದಾಗುತ್ತದೆ ಎಂದು ಹೇಳುವುದು ಸುಲಭವಿತ್ತು; ಕೆಲಸವಿಲ್ಲದೆ ಅವನ ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವನು ಅದನ್ನು ಹೇಗೆ ಹೇಳಲಿ? ಇದ್ದದ್ದನ್ನು ಹೇಳಿದೆ.

‘ಕೆಲ್ಸ ಬಂದಿಲ್ಲ ಕಣಣ್ಣ. ಆದ್ರೆ ಮೊದ್ಲು ಯಾರ್ ಎಲ್ ತೋರುಸುದ್ರೆ ಅಲ್ ಎಬ್ಬೆಟ್ ಒತ್ತೋನು ನಮ್ಮಪ್ಪ. ಈಗ “ವಸಿ ತಾಳಿ, ನನ್ ಮಗ ಓದಿ ನೋಡ್ಲಿ” ಅಂತಾನೆ. ವಸಿ ತಾಳಿ ಅನ್ನಾಕೆ ಒಂದ್ ಧೈರ್ಯ ಬಂತು.’

‘ಎಣ್ಮಗೀಗೂ ಅಂಗೇನಾ?’

‘ಎಣ್ಮಗೀಗೇ ಅದು ಜಾಸ್ತಿ ಬೇಕಾಗದು.’

ಅವನು ಎದ್ದು ನಿಂತು ಜೊಂಡಿನ ಕಡೆ ಹೋಗೆಂದು ಕೈ ತೋರಿಸಿದ.

ಜೊಂಡಿನ ಬಾಯಲ್ಲಿ ನೀರು ಒಂದು ತಟ್ಟೆಯಗಲ ಕೊತಕೊತ ಕುದಿಯುವ ಹಾಗೆ ಕಂಡಿತು. ಕೊರಮೀನಿನ ಮರಿಗಳು. ಕೆಂಪಗೆ, ಬೆಂಕಿಕಡ್ಡಿಯ ಹಾಗೆ ಸಣ್ಣಗೆ, ಎಲ್ಲ ಒಟ್ಟಾಗಿ ಗಾಳಿ ಕುಡಿಯಲು ಮೇಲೆ ಬರುತ್ತಿದ್ದವು, ಇಳಿಯುತ್ತಿದ್ದವು. ಅವುಗಳ ಕೆಳಗೆ ದೊಡ್ಡದೊಂದು ನೆರಳು ಮೆಲ್ಲಗೆ ತಿರುಗುತ್ತಿತ್ತು. ಮರಿ ಕಾಯುವ ಮೀನನ್ನು ಹಿಡಿಯುವುದು ಎಲ್ಲಕ್ಕಿಂತ ಸುಲಭ. ಮರಿಗಳ ನಡುವೆ ಏನು ಬಿದ್ದರೂ ಅದು ಹಸಿವಿಲ್ಲದಿದ್ದರೂ ಬಂದು ಕಚ್ಚುತ್ತದೆ. ಬೋರಣ್ಣನ ಕೈ ಆಗಲೇ ಕಪ್ಪೆಯನ್ನು ಬೀಸುತ್ತಿತ್ತು.

‘ಓಲ್ಡಾನ್’ ಎಂದ. ಮೆಲ್ಲಗೆ, ತನ್ನ ಕೈಗೆ ತಾನೇ.

ನಾಳೆ ಬರುವ ನೆಂಟರಿಗೆ ಏನು ಮಾಡುತ್ತೀಯ ಎಂದು ಕೇಳಿದೆ. ಕೋಳಿ ಇದೆಯಲ್ಲ ಅಂದ. ದಾರ ಸುತ್ತಿಟ್ಟು ಬಹಳ ಹೊತ್ತು ಆ ಮರಿಗಳನ್ನೇ ನೋಡುತ್ತ ನಿಂತ. ಇದು ಎಲ್ಲಿಯವರೆಗೆ ಹೀಗೆ ಕಾಯುತ್ತದೆ ಅಂತ ಕೇಳಿದೆ.

‘ಅವು ತಮ್ ಪಾಡಿಗ್ ತಾವು ಈಜಗಂಟ.’

ಭಾನುವಾರ ನೆಂಟರು ಬಂದರು. ನನ್ನನ್ನೂ ಕರೆದಿದ್ದರು. ಕೋಳಿ ಸಾರನ್ನು ಕಂಡು ಹುಡುಗನ ದೊಡ್ಡಪ್ಪ, ಮೀನು ಬಸ್ಸು ತಪ್ಪಿಸಿಕೊಂಡಿತೋ ಏನೋ ಎಂದು ನಗೆಯಾಡಿದರು. ಊಟವಾಯಿತು. ಚಾಪೆಯ ಮೇಲೆ ತಾಂಬೂಲದ ತಟ್ಟೆ ಬಂತು. ನಿಂಗೇಗೌಡರು ಅದನ್ನು ಎರಡೂ ಕೈಲಿ ಎತ್ತಿ ಬೋರಣ್ಣನ ಮುಂದೆ ಹಿಡಿದು, ‘ಇಸ್ಕಳಿ ಭಾವ’ ಎಂದರು.

ಇಸಿದುಕೊಳ್ಳಬೇಕಾದ ಕೈ ಮೇಲಕ್ಕೆ ಹೋಯಿತು, ಬಸ್ಸಿನ ಗಂಟೆಯ ಹಗ್ಗ ಹುಡುಕುವ ಹಾಗೆ.

‘ಓಲ್ಡಾನ್.’

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಗಾಡಿ ನಿಲ್ಸ್‌ಬುಟ್ರಲ್ಲ ಗೌಡ್ರೆ, ಯಾರ್ ಇಳೀಬೇಕು?’ ಎಂದರು ಹುಡುಗನ ದೊಡ್ಡಪ್ಪ.

ಬೋರಣ್ಣ ನಗಲಿಲ್ಲ. ‘ಇಳಿಯೋರ್ ಯಾರೂ ಇಲ್ಲ ಕಣಣ್ಣ. ಒಬ್ಳು ಅತ್ಬೇಕು. ನನ್ ಮಗ್ಳು ಮೈಸೂರ್ಗೆ ಓಯ್ತಾಳೆ, ಓದಾಕೆ. ಅದ್ ಮುಗಿಯಗಂಟ ಈ ತಟ್ಟೆ ನಾನ್ ಮುಟ್ಟಕಿಲ್ಲ. ನಿಮ್ಮನ್ ಇಲ್ಲೀಗಂಟ ಬರುಸ್ದೆ, ತಪ್ ನಂದು.’

ನಗು ನಿಂತಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದೂ ನಿಂತಿತು. ನಿಂಗೇಗೌಡರು ತಟ್ಟೆಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು, ತಂಗಿಯ ಮುಖವನ್ನೂ ನೋಡದೆ ಹೊರಟುಹೋದರು. ಆಮೇಲೆ ಎಷ್ಟೋ ಹಬ್ಬಗಳಿಗೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಸಾಕಮ್ಮಕ್ಕ ಗಂಡನಿಗೆ ಅನ್ನ ಇಕ್ಕುತ್ತಿದ್ದರು, ಮಾತಾಡುತ್ತಿರಲಿಲ್ಲ. ಬೋರಣ್ಣ ಅದನ್ನೆಲ್ಲ ಸದ್ದಿಲ್ಲದೆ ಹೊತ್ತ.

ಸವಿತ ಮೈಸೂರಿಗೆ ಹೊರಟದ್ದು ಅವನ ಬಸ್ಸಿನಲ್ಲೇ. ನಾನು ಟ್ರಂಕು ಹತ್ತಿಸಲು ಹೋಗಿದ್ದೆ. ಅವಳಿಗೂ ಟಿಕೆಟ್ ಹರಿದ. ಯಾರೋ ಮಗಳಿಗೂ ಟಿಕೀಟಾ ಅಂದದ್ದಕ್ಕೆ, ‘ಮಗ್ಳು ಅಂದ್ರೆ ಸೀಟ್ ಪುಕ್ಸಟ್ಟೆ ಬತ್ತದಾ?’ ಎಂದ. ಎಲ್ಲರೂ ಕೂತರು, ಡ್ರೈವರ್ ಗೇರು ಹಾಕಿ ಕಾದ. ಬೋರಣ್ಣ ಬಾಗಿಲ ಕಂಬಿ ಹಿಡಿದು ನಿಂತೇ ಇದ್ದ. ಡ್ರೈವರ್ ತಿರುಗಿ ನೋಡಿದ. ಹಿಂದಿನ ಸೀಟಿನವರು, ಹೊತ್ತಾಯ್ತು ಕಣಣ್ಣ, ಬುಡು ಎಂದರು. ಆಗ ‘ರೈಟ್’ ಎಂದ.

ಮುಂದೆ ನನಗೂ ಕೆಲಸ ಬಂತು. ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ ಹೈಸ್ಕೂಲು ಮೇಷ್ಟ್ರಾದೆ, ಕೆರೆ ತಪ್ಪಿತು. ಅವನನ್ನು ಕೊನೆಯ ಸಲ ನೋಡಿದ್ದು ಶ್ರೀರಂಗಪಟ್ಟಣದ ಬಸ್‌ಸ್ಟಾಂಡಿನಲ್ಲಿ, ಬಸ್ಸು ಹತ್ತುವಾಗ. ‘ಒಳೀಕ್ ನಡೀರಿ ಮೇಷ್ಟ್ರೆ’ ಅಂದ. ಹಾಗೆ ಕರೆಯಬೇಡ ಎಂದೆ. ‘ಬಸ್ನಲ್ಲಿ ಮೇಷ್ಟ್ರು. ತೆಪ್ಪದಲ್ ಮಾತ್ರ ಬಿಯ್ಯೆ’ ಎಂದು ನಕ್ಕ. ಸವಿತ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿರುವುದನ್ನು ನನಗೂ, ಪಕ್ಕದ ಸೀಟಿನವರಿಗೂ ಹೇಳಿದ. ಇನ್ನೇನು ರಿಟೈರಾಗುತ್ತೇನೆ, ಬೇಸಿಗೆಯ ಬಿಸಿಲು ಇಳಿಯಲಿ, ಕೆರೆಗೆ ಹೋಗೋಣ, ಹೊಸ ಕಪ್ಪೆ ಮಾಡಿಟ್ಟಿದ್ದೇನೆ ಎಂದ. ಬಿಸಿಲು ಇಳಿಯುವ ಮೊದಲೇ ಅವನ ಎದೆ ನಿಂತಿತು.

ಶ್ರೀರಂಗಪಟ್ಟಣದ ಹೊಳೆಯಲ್ಲಿ ಬೂದಿ ಬಿಡಲು ತೆಪ್ಪದಲ್ಲಿ ಹೋದೆವು. ಮಡಕೆ ಸವಿತಳ ಮಡಿಲಲ್ಲಿತ್ತು. ಹೆಣ್ಣುಮಗಳು ಬಿಡುವುದುಂಟೇ ಎಂದು ದಡದಲ್ಲಿ ಯಾರೋ ಗೊಣಗಿದಾಗ, ‘ನೀನ್ ಕುಂತ್ಕವ್ವ’ ಅಂತ ಅವಳ ಕೈ ಹಿಡಿದು ಹತ್ತಿಸಿದವರು ನಿಂಗೇಗೌಡರು. ನಡುಹೊಳೆಯಲ್ಲಿ ಅವಳು ಬೂದಿಯನ್ನು ಹಿಡಿಹಿಡಿಯಾಗಿ ನೀರಿಗೆ ಬಿಟ್ಟಳು. ಅದು ಬೆರಳ ಸಂದಿಯಿಂದ ಜಾರಿ ಹೋಗುತ್ತಿತ್ತು. ಕೊನೆಯ ಹಿಡಿಯನ್ನು ಮಾತ್ರ ಬಿಡಲಾರದೆ ಮುಷ್ಟಿ ಬಿಗಿಹಿಡಿದು ಕೂತುಬಿಟ್ಟಳು. ತೆಪ್ಪದವನು ಹುಟ್ಟು ಎತ್ತಿ ಕಾದ.

ಅವಳು ಕೈಯನ್ನು ನೀರೊಳಗೆ ಇಳಿಸಿ, ಮುಷ್ಟಿ ಬಿಚ್ಚಿ, ಆ ಬೂದಿಗಷ್ಟೇ ಕೇಳುವಂತೆ, ‘ರೈಟ್’ ಎಂದಳು.