ಉಸಿರು ಹಿಡಿಯುವ ಗಡಿಯಾರದಣ್ಣ

ನಮ್ಮ ಬೀದಿಯ ಗಡಿಯಾರದಣ್ಣ ದಿನವೂ ತಪ್ಪದೆ ಮಾಡುವ ಕೆಲಸ ಒಂದಿದೆ. ಅಂಗಡಿಯ ಬಾಗಿಲು ತೆರೆದ ಕೂಡಲೇ, ದೀಪ ಹಾಕುವುದಕ್ಕೂ ಮೊದಲು, ಸ್ಟೂಲ್ ಹತ್ತಿ ಗೋಡೆಯ ದೊಡ್ಡ ಗಡಿಯಾರಕ್ಕೆ ಕೀಲಿ ಕೊಡುತ್ತಾರೆ. ಎಂಟು ಸುತ್ತು. ಒಂದೊಂದು ಸುತ್ತಿಗೂ ಉಸಿರು ಹಿಡಿದು, ಸುತ್ತು ಮುಗಿದ ಮೇಲೆ ಬಿಡುತ್ತಾರೆ. ಜ್ವರ ಬಂದ ದಿನ ಕೂಡ ಶಾಲು ಹೊದ್ದು ಬಂದು, ಎಂಟು ಸುತ್ತು ಕೊಟ್ಟು, ಮನೆಗೆ ಹೋಗಿ ಮಲಗಿದ್ದುಂಟು.

ಉಸಿರು ಹಿಡಿಯುವುದು ಅವರಿಗೆ ಕಸುಬಿನಿಂದ ಬಂದದ್ದು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿದರೆಂದರೆ ಅವರ ಎದೆ ಅಲುಗುವುದಿಲ್ಲ. ಮೂಗಿನ ಗಾಳಿ ತಾಕಿದರೂ ಸಾಕು, ಸ್ಕ್ರೂ ಹಾರಿ ಎಲ್ಲೋ ಬೀಳುತ್ತದೆ. ಆಮೇಲೆ ಅಯಸ್ಕಾಂತ ಹಿಡಿದು ನೆಲವೆಲ್ಲ ತಡಕಾಡಬೇಕು. ಮೂವತ್ತು ವರ್ಷದಲ್ಲಿ ಹಾಗೆ ತಡಕಾಡಿದ್ದು ಎರಡೇ ಸಲ ಎಂದು ಅವರಿಗೆ ಸಣ್ಣದೊಂದು ಜಂಬ. ಅವರ ಕೈ ಕೆಲಸದಲ್ಲಿದ್ದಾಗ ಬಂದ ಗಿರಾಕಿಗಳೂ ತಮಗರಿವಿಲ್ಲದೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಕೆಲಸದ ಮೇಜಿನ ಎದುರು ಒಂದು ಹಳೆಯ ಕ್ಯಾಲೆಂಡರ್ ಇದೆ. ತಿಂಗಳ ಹಾಳೆಗಳೆಲ್ಲ ಎಂದೋ ಹರಿದುಹೋಗಿ ಚಿತ್ರ ಮಾತ್ರ ಉಳಿದಿದೆ: ಹಿಮ ಹೊದ್ದ ಮೂರು ಶಿಖರಗಳು, ನಡುವೆ ನೀಲಿ ಸರೋವರ. ಮದುವೆಯಾದ ಹೊಸದರಲ್ಲಿ ಅವರ ಹೆಂಡತಿ ಅದನ್ನು ನೋಡಿ, "ಒಂದ್ಸಲ ಅಲ್ಲಿ ನಿಂತ್ಕೋಬೇಕು ರೀ," ಎಂದಿದ್ದರಂತೆ. "ಹೋಗೋಣ ಬಿಡು," ಎಂದಿದ್ದರು ಇವರು. ಆ "ಹೋಗೋಣ ಬಿಡು"ಗೆ ಇಪ್ಪತ್ತಾರು ವರ್ಷವಾಯಿತು. ಒಂದು ವರ್ಷ ಅಂಗಡಿ ಬಿಡಲಿಲ್ಲ, ಒಂದು ವರ್ಷ ಮಗಳ ಪರೀಕ್ಷೆ, ಒಂದು ವರ್ಷ ಸುಮ್ಮನೆ ಮರೆತೇಹೋಯಿತು. ಹೆಂಡತಿ ಜಗಳವಾಡಲಿಲ್ಲ. ಕ್ಯಾಲೆಂಡರಿನ ಧೂಳು ಮಾತ್ರ ವಾರಕ್ಕೊಮ್ಮೆ ಒರೆಸುತ್ತಿದ್ದರು.

ಈ ವರ್ಷ ಒಬ್ಬ ಚಾರಣದ ಗೈಡ್ ತನ್ನ ತೀರಿಕೊಂಡ ತಂದೆಯ ಕೈಗಡಿಯಾರ ತಂದ. ಮೂರು ಅಂಗಡಿಯವರು ಕೈಚೆಲ್ಲಿದ್ದ ಗಡಿಯಾರ ಅದು. ಗಡಿಯಾರದಣ್ಣ ಹನ್ನೊಂದು ದಿನ ಕೂತು ಅದಕ್ಕೆ ಜೀವ ಕೊಟ್ಟರು. ವಾಪಸು ಒಯ್ಯಲು ಬಂದವನು ಕಿವಿಗಿಟ್ಟುಕೊಂಡು ಟಿಕ್ ಟಿಕ್ ಕೇಳಿ ಕಣ್ಣೊರೆಸಿಕೊಂಡ. ಆಮೇಲೆ ತಲೆ ಎತ್ತಿ ಕ್ಯಾಲೆಂಡರ್ ನೋಡಿ, "ಅರೇ, ನಾನು ಜನರನ್ನ ಕರ್ಕೊಂಡು ಹೋಗೋದು ಇಲ್ಲಿಗೇ," ಎಂದ.

ಹದಿನಾಲ್ಕು ಸಾವಿರ ಅಡಿ ಎತ್ತರ, ಆರು ದಿನದ ನಡಿಗೆ. ಐವತ್ತೈದು ತುಂಬಿದವರನ್ನು ಕರೆದೊಯ್ಯುವುದಿಲ್ಲ. ಮಿಕ್ಕವರೂ ಊರಂಚಿನ ಗುಡ್ಡದ ಒಂಬೈನೂರು ಮೆಟ್ಟಿಲನ್ನು ಎಂಟು ಕಿಲೋ ಚೀಲ ಹೊತ್ತು ಮೂವತ್ತು ನಿಮಿಷದೊಳಗೆ ಹತ್ತಿ ತೋರಿಸಬೇಕು. ಗಡಿಯಾರದಣ್ಣನಿಗೆ ಆಗಲೇ ಐವತ್ತನಾಲ್ಕು. ಈ ವರ್ಷ ಎರಡು ತಂಡ ಹೊರಡುವುದಿತ್ತು, ಒಂದು ಹೊರಟ ತಿಂಗಳಿಗೆ ಇನ್ನೊಂದು. ಅದಾದ ಮೇಲೆ ಹಿಮ ಬಿದ್ದು ದಾರಿ ಮುಚ್ಚುತ್ತದೆ; ತೆರೆಯುವ ಹೊತ್ತಿಗೆ ಇವರ ವಯಸ್ಸು ಗೆರೆ ದಾಟಿರುತ್ತದೆ.

"ನೀನೊಬ್ಬಳೇ ಹೋಗಿ ಬಾ," ಎಂದು ನೋಡಿದರು.

"ನಿಮ್ಮನ್ನ ಬಿಟ್ಟು ಹೋಗೋದಾಗಿದ್ರೆ ಇಪ್ಪತ್ತು ವರ್ಷದ ಹಿಂದೇನೇ ಹೋಗ್ತಿದ್ದೆ," ಎಂದರು ಹೆಂಡತಿ. ಅಲ್ಲಿಗೆ ಆ ಮಾತು ಮುಗಿಯಿತು.

ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಾರೆ. ಒದ್ದೆ ಹಾಸುಬಟ್ಟೆಗಳ ಬುಟ್ಟಿ ಸೊಂಟದ ಮೇಲಿಟ್ಟು ನಾಲ್ಕನೆಯ ಮಹಡಿಯ ತಾರಸಿಗೆ ದಿನಕ್ಕೆ ಹತ್ತು ಸಲ ಹತ್ತುವವರು. ಅಭ್ಯಾಸಕ್ಕೆ ಆ ಮೆಟ್ಟಿಲುಗಳೇ ಆದವು. ಗಡಿಯಾರದಣ್ಣ ಹಳೆಯ ಗೋಡೆ ಗಡಿಯಾರಗಳ ಹಿತ್ತಾಳೆ ತೂಕದ ಗುಂಡುಗಳನ್ನು ಟವಲಿನಲ್ಲಿ ಸುತ್ತಿ ಎಂಟು ಕಿಲೋ ತೂಗಿಸಿ ಚೀಲಕ್ಕೆ ತುಂಬಿಕೊಂಡರು. ಹೊಸ ಬೂಟು ಪಳಗಲಿ ಎಂದು ಅಂಗಡಿಯಲ್ಲೂ ಅದನ್ನೇ ಹಾಕಿಕೊಂಡು ಕೂತರು. ಆದರೆ ಎರಡನೆಯ ಮಹಡಿ ಮುಟ್ಟುವಷ್ಟರಲ್ಲಿ ಮುಖ ಕೆಂಪೇರಿ, ಗೋಡೆ ಹಿಡಿದು ನಿಂತುಬಿಡುತ್ತಿದ್ದರು.

ಒಂದು ವಾರ ಹೀಗೇ ಆಯಿತು. ವಯಸ್ಸು ಎಂದರು, ಬೂಟು ಎಂದರು, ಮೆಟ್ಟಿಲು ಕಟ್ಟಿದವನಿಗೆ ಅಳತೆ ಗೊತ್ತಿಲ್ಲ ಎಂದೂ ಹೇಳಿದರು. ಎಂಟನೆಯ ದಿನ ಹೆಂಡತಿ ಬುಟ್ಟಿ ಕೆಳಗಿಟ್ಟು, ಪಕ್ಕಕ್ಕೆ ನಿಂತು ಅವರನ್ನೇ ನೋಡಿದರು.

"ರೀ, ಬಾಯಿ ಯಾಕೆ ಬಿಗಿದಿದ್ದೀರಿ?"

"ಎಲ್ಲಿ?"

"ಕಾಲು ಎತ್ತೋವಾಗೆಲ್ಲ ಉಸಿರು ಹಿಡೀತೀರಿ. ಇದು ಮೆಟ್ಟಿಲು ರೀ, ಸ್ಕ್ರೂ ಅಲ್ಲ. ನೀವು ಉಸಿರು ಬಿಟ್ರೆ ಹಾರಿಹೋಗಲ್ಲ!"

ಗಡಿಯಾರದಣ್ಣ ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕರು. ನಿಜವೇ. ಕಷ್ಟದ ಕೆಲಸ ಎದುರಾದರೆ ಉಸಿರು ತಾನಾಗಿ ನಿಲ್ಲುತ್ತಿತ್ತು. ಮೂವತ್ತು ವರ್ಷ ಕೈ ನಡುಗದಂತೆ ಕಾಪಾಡಿದ ಗುಣವೇ ಈಗ ಎದೆಯ ಮೇಲೆ ಕೂತಿತ್ತು.

ಬಿಡಿಸುವ ಉಪಾಯವನ್ನೂ ಹೆಂಡತಿಯೇ ಕಂಡುಕೊಂಡರು. ಅತ್ತೆ ಬದುಕಿದ್ದಾಗ ಬೆಳಿಗ್ಗೆ ಹೇಳಿಕೊಳ್ಳುತ್ತಿದ್ದ ನಾಲ್ಕೇ ಮಾತಿನ ಪ್ರಾರ್ಥನೆ ಅದು: "ಉಸಿರು ಕೊಟ್ಟವನೇ, ಕೈ ಹಿಡಿ." ಮೆಟ್ಟಿಲಿಗೊಂದು ಮಾತು, ಗಟ್ಟಿಯಾಗಿ ಹೇಳಬೇಕು. ಮಾತಾಡುವವನು ಉಸಿರು ಹಿಡಿಯಲಾರ. ಮೊದಮೊದಲು ನಾಚಿಕೆಯಿಂದ ಗೊಣಗಿದರು. "ದೇವರಿಗೆ ಕಿವಿ ಚೆನ್ನಾಗೇ ಇದೆ, ನನಗೆ ಕೇಳಿಸ್ಬೇಕು," ಎಂದು ಹೆಂಡತಿ ಮೇಲಿನಿಂದ ಕೂಗುತ್ತಿದ್ದರು. ಎರಡು ವಾರಕ್ಕೆ ನಾಲ್ಕು ಮಹಡಿ ನಿಲ್ಲದೆ ಹತ್ತಿದರು. ವಾರ್ಡಿನ ರೋಗಿಗಳು ಅವರ ದನಿ ಬಂದರೆ ಗಂಟೆ ಒಂಬತ್ತಾಯಿತೆಂದು ತಿಳಿಯುವಂತಾಯಿತು.

ಹೊಸ ಅಭ್ಯಾಸ ಮೆಟ್ಟಿಲಿನಲ್ಲೇ ಉಳಿಯಬೇಕಲ್ಲ! ಒಂದು ಮಧ್ಯಾಹ್ನ ಪಕ್ಕದ ಔಷಧಿ ಅಂಗಡಿಯವರ ಗಡಿಯಾರಕ್ಕೆ ಸ್ಕ್ರೂ ಕೂರಿಸುತ್ತಿದ್ದಾಗ ಗಡಿಯಾರದಣ್ಣ ನೆಮ್ಮದಿಯಾಗಿ ಉಸಿರು ಬಿಟ್ಟರು. ಸ್ಕ್ರೂ ಮಾಯ.

"ನಿಮ್ಮ ಪರ್ವತ ಚೆನ್ನಾಗಿರ್ಲಿ ಅಣ್ಣಾ, ನನ್ನ ಗಡಿಯಾರದ ಗತಿ ಏನು?" ಎಂದರು ಔಷಧಿಯವರು. ಅಯಸ್ಕಾಂತ ಹಿಡಿದು ಇಬ್ಬರೂ ನೆಲದ ಮೇಲೆ ಮಂಡಿಯೂರಿ ಎರಡು ಗಂಟೆ ಹುಡುಕಿದರು. ಸಿಗಲಿಲ್ಲ. ಸಂಜೆ ಮನೆಯಲ್ಲಿ ಬೂಟು ಒರೆಸುತ್ತಿದ್ದ ಹೆಂಡತಿಗೆ ಅಡಿಯ ಗೀರಿನಲ್ಲಿ ಏನೋ ಹೊಳೆಯಿತು.

"ತಗೊಳ್ಳಿ, ನಿಮಗಿಂತ ಮುಂಚೆ ಇದೇ ಹೊರಟಿತ್ತು."

ಅಂದಿನಿಂದ ಮೇಜಿಗೊಂದು ಉಸಿರು, ಮೆಟ್ಟಿಲಿಗೊಂದು ಉಸಿರು ಎಂದು ಬೇರೆಬೇರೆ ಇಟ್ಟುಕೊಳ್ಳಲು ಕಲಿತರು. ಕಲಿತೆನೆಂದುಕೊಂಡರು ಎನ್ನುವುದೇ ಸರಿ.

ಮೊದಲ ತಂಡದ ಪರೀಕ್ಷೆಯ ದಿನ ಹೆಂಡತಿ ಇಪ್ಪತ್ತಾರು ನಿಮಿಷಕ್ಕೆ ಮೇಲಿದ್ದರು. ಗಡಿಯಾರದಣ್ಣ ಎಂಟುನೂರು ಮೆಟ್ಟಿಲವರೆಗೂ ಹದವಾಗಿ ಬಂದರು. ಅಲ್ಲಿ ಮೇಲೆ ನಿಂತ ಹೆಂಡತಿಯ ಸೀರೆಯ ಸೆರಗು ಕಂಡಿತು. ಇನ್ನೇನು ಮುಗಿಯಿತು, ಈಗ ತಪ್ಪಬಾರದು ಎಂದುಕೊಂಡದ್ದೇ ತಡ, ಪ್ರಾರ್ಥನೆ ನಿಂತಿತು, ಬಾಯಿ ಬಿಗಿಯಿತು. ಮೂವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಕಂಬಿ ಹಿಡಿದು ಕೂತರು. ಮೇಲಿನಿಂದ ಹೆಂಡತಿಯ ದನಿ ಬಂತು: "ಉಸಿರು ಕೊಟ್ಟವನೇ..." ಇವರು ತೊದಲುತ್ತ ಮುಂದುವರಿಸಿದರು. ಎದ್ದರು, ನಿಧಾನವಾಗಿ ಹತ್ತಿದರು.

ಮೇಲೆ ತಲುಪಿದಾಗ ಕೈಗಡಿಯಾರದಲ್ಲಿ ಮೂವತ್ತೆರಡು ನಿಮಿಷ.

ಗೈಡ್ ಗಡಿಯಾರದಣ್ಣನ ಬೆರಳಿಗೆ ಯಂತ್ರ ಸಿಕ್ಕಿಸಿ ಆಮ್ಲಜನಕ ನೋಡಿದ. ಚೆನ್ನಾಗಿಯೇ ಇತ್ತು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದ.

"ಅಣ್ಣಾ, ಇಪ್ಪತ್ತೊಂಬತ್ತು ಅಂತ ಬರ್ಕೋತೀನಿ. ಅಪ್ಪನ ಗಡಿಯಾರಕ್ಕೆ ನೀವು ಮಾಡಿದ್ದರ ಮುಂದೆ ಇದೇನು ದೊಡ್ಡದು? ಅಕ್ಕನೂ ಪಾಸಾಗಿದ್ದಾರೆ. ಇಬ್ರೂ ಈ ಸಲವೇ ಬಂದ್ಬಿಡಿ. ಮುಂದಿನ ತಿಂಗಳು ಏನಾಗುತ್ತೋ."

ಗಡಿಯಾರದಣ್ಣ ಹೆಂಡತಿಯತ್ತ ನೋಡಿದರು. ಅವರು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

"ನನ್ನ ಮುಖ ನೋಡ್ಬೇಡಿ. ಕಾಯೋದು ನನಗೇನು ಹೊಸದಾ?" ಎಂದು ಬಾಟಲಿ ಅವರ ಕೈಗಿಟ್ಟರು.

ಒಂದು ಗುಟುಕು ಕುಡಿದು, ಉಸಿರು ಪೂರ್ತಿ ಬಿಟ್ಟು, ಗಡಿಯಾರದಣ್ಣ ಹೇಳಿದರು:

"ಬೇಡಪ್ಪ. ಇಲ್ಲಿ ಉಸಿರು ಮರೆತೋನು ಅಲ್ಲಿ ಹಿಮದಲ್ಲಿ ಮರೆಯಲ್ವಾ? ಆಗ ಇವಳು ಸರೋವರ ನೋಡ್ತಾಳಾ, ನನ್ನನ್ನ ನೋಡ್ತಾಳಾ? ನಮ್ಮಿಬ್ಬರನ್ನೂ ಮುಂದಿನ ತಂಡಕ್ಕೆ ಹಾಕು, ನಾನು ಮತ್ತೆ ಹತ್ತಿ ತೋರಿಸ್ತೀನಿ. ಇದಕ್ಕೆ ಮೂವತ್ತೆರಡು ಅಂತಲೇ ಬರಿ."