ಗಂಗಾವತಿಗೆ ಒಯ್ದ ಹೆಸರು

ಯಲಬುರ್ಗಾದಲ್ಲಿ ಬೆಳಿಗ್ಗೆ ಏಳಕ್ಕೆ ಕೊಪ್ಪಳದ ಬಸ್ಸು ಹತ್ತಿದೆ. ಚೀಲದಲ್ಲಿ ಬಾಣಂತಿಗೆ ಅಂಟಿನ ಉಂಡಿ, ಅದರ ಮೇಲೆ ಮಡಿಸಿಟ್ಟ ಕೆಂಪು ಖಣದ ಕುಂಚಿಗೆ. ನನ್ನ ಮಗ ಬಸವರಾಜ ಕೂಸಾಗಿದ್ದಾಗ ಅವನ ತಲೆಗೆ ನಾನೇ ಹೊಲಿದು ಕಟ್ಟಿದ್ದು. ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ. ಕಂಡಕ್ಟರ್ ಆಧಾರ್ ನೋಡಿ, "ಎಲ್ಲಿಗಿ ಆಯಿ, ಇಷ್ಟ ನಕ್ಕೋತ?" ಎಂದ.

"ಮೊಮ್ಮಗಗ ಹೆಸರಿಡಾಕ ಹೊಂಟೀನಪ, ಗಂಗಾವತಿಗಿ!"

"ಮಗನ ಮಗನೋ, ಮಗಳ ಮಗನೋ?"

ಒಂದು ಉಂಡಿ ಕೈಗಿಟ್ಟೆ. ತಿನ್ನುತ್ತ ಮುಂದೆ ಹೋದ.

ಬಸವರಾಜ ತೀರಿಕೊಂಡು ಐದು ವರ್ಷ. ಮೂರೇ ದಿನದ ಜ್ವರ. ಸೊಸೆ ರೇಣವ್ವ ತಾಯಿಯಿಲ್ಲದ ಹುಡುಗಿ, ಆಗ ಇನ್ನೂ ಇಪ್ಪತ್ತಮೂರು. ಎರಡು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ ಕುಳಿತು ಅತ್ತೆವು. ಆಮೇಲೆ ನಾನೇ ಮುಂದೆ ನಿಂತು, ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ದುಡಿಯುವ ಹನುಮಂತನಿಗೆ ಉಡಕಿ ಮಾಡಿ, ಎರಡನೆಯ ಸಂಸಾರ ಹೂಡಿ ಕೊಟ್ಟೆ. ಈಗ ಅವಳಿಗೆ ಗಂಡು ಕೂಸು. ಸುದ್ದಿ ಬಂದ ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ. ರಕ್ತ ನನ್ನದಲ್ಲ, ಗೊತ್ತು. ಆದರೂ ಒಂದು ಆಸೆ. ಸತ್ತವರ ಹೆಸರನ್ನು ಹುಟ್ಟಿದವರಿಗೆ ಇಡುವುದು ನಮ್ಮ ಕಡೆಯ ಪದ್ಧತಿ. ಕೂಸಿಗೆ ಬಸವರಾಜ ಎಂದಿಟ್ಟರೆ ಆ ಹೆಸರನ್ನು ಮತ್ತೆ ಬಾಯಿ ತುಂಬ ಕರೆಯಬಹುದು, ಒಬ್ಬರು ಓ ಅನ್ನುತ್ತಾರೆ.

ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಮಂಡಕ್ಕಿ ಮಿರ್ಚಿ ತಿಂದು ಚಹಾ ಕುಡಿದೆ. ದಾರಿಯುದ್ದಕ್ಕೂ ಜೋಳ, ಕಡಲೆ. ಹೇಮಗುಡ್ಡ ದಾಟಿದ ಮೇಲೆ ಕಾಲುವೆ ನೀರಿನ ಹಸಿರು ಗದ್ದೆ ಬಂತು. ಹನ್ನೊಂದಕ್ಕೆಲ್ಲ ಗಂಗಾವತಿಯಲ್ಲಿದ್ದೆ. ಹದಿಮೂರು ದಿನದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಂಚಿಗೆ ಕಟ್ಟಿದೆ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು!

ಹನುಮಂತ ತಲೆ ಕೆರೆಯುತ್ತ ಬಂದ. "ಅತ್ತಿ, ಹೆಸರು ನೀವ ಹೇಳ್ರಿ. ನಿಮ್ಮ ಮಗನ ಹೆಸರಿಟ್ರೂ ನನಗೇನ ಬ್ಯಾಸರಿಲ್ಲ." ಎಂಥ ದೊಡ್ಡ ಮನಸ್ಸು! ನಾನೇ ಹೇಳುತ್ತೇನೆಂದು ತೊಟ್ಟಿಲ ಹತ್ತಿರ ಸರಿದೆ. ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ವಾಡಿಕೆ. ಅದು ಸೋದರತ್ತೆಯ ಪಾಲು. ಹನುಮಂತನ ಅಕ್ಕ ಶಾಂತಮ್ಮ, "ಛಲೋ ಆತು, ಗುದ್ದು ತಿನ್ನೂದು ನನಗ ತಪ್ಪಿತು" ಎಂದು ನಕ್ಕಳು.

ಆಗ ಪಕ್ಕದ ಮನೆಯ ಮುದುಕಿ ರೇಣವ್ವನನ್ನು ಕೆಣಕಿದಳು: "ಮೊದಲನೇ ಗಂಡನ ಹೆಸರಿಟ್ರ ಮಗನ್ನ ಹೆಂಗ ಕರೀತಿಯವ್ವ? 'ಏ ಇವನ' ಅಂತೇನು?"

ಎಲ್ಲರೂ ನಕ್ಕರು. "ಕರೀತೀನಿ ಬಿಡ್ರಿ" ಎಂದು ರೇಣವ್ವ ಕೂಸಿನ ಕಡೆ ಬಗ್ಗಿ "ಬ..." ಎಂದವಳು ನಿಂತಳು. ಮತ್ತೊಮ್ಮೆ ತುಟಿ ಅಲುಗಿತು, ದನಿ ಬರಲಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರೆತ್ತುವುದಿಲ್ಲ. ನನ್ನ ಮನೆಯಲ್ಲಿ ನಾಲ್ಕು ವರ್ಷ ಬಾಳಿದಳು, ಹೆಣದ ಮೇಲೆ ಬಿದ್ದು ಹೊರಳಾಡಿದಳು. ಅಂದೂ ಆ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ಈ ಕೂಸು ನಾಳೆ ಆಡಲು ಹೋಗಿ ದೂರವಾದರೆ ಏನೆಂದು ಕೂಗುತ್ತಾಳೆ?

"ನೀ ಏನರ ನೆನಸಿದ್ದೇನ?" ಎಂದು ಮೆಲ್ಲಗೆ ಕೇಳಿದೆ.

"ಸಮರ್ಥ ಅಂತ... ಆದ್ರ ಅತ್ತಿ, ನೀವು ಅಷ್ಟು ದೂರದಿಂದ ಬಂದೀರಿ..."

"ಸುಮ್ಕಿರು" ಎಂದೆ.

ಬಗ್ಗಿ ಕುಂಚಿಗೆ ಸರಿಸಿದೆ. ಅಗಲ ಕಿವಿ, ಹನುಮಂತನದೇ ಅಚ್ಚು. ಕುರ್ರ್, ಸಮರ್ಥ ಎಂದೆ. ಬೆನ್ನಿಗೆ ದಬದಬ ಗುದ್ದು ಬಿದ್ದವು. ಮೂರು ಸಲ ಹೇಳಿ ಎದ್ದಾಗ ಕಣ್ಣೀರು ನಿಲ್ಲಲೊಲ್ಲದು. ಶಾಂತಮ್ಮ ಗಾಬರಿಯಾದಳು.

"ಜೋರ ಬಿತ್ತೇನಬೇ?"

"ಹೌದವ್ವ, ಜೋರ ಬಿತ್ತು."

ಮರುದಿನ ಬೆಳಿಗ್ಗೆ ಆಟೋ ಹತ್ತಿದೆ. ಹೊಸ್ತಿಲಲ್ಲಿ ನಿಂತ ರೇಣವ್ವ, "ಸಮರ್ಥಾ, ನೋಡಲ್ಲೆ, ನಿಮ್ಮ ಆಯಿ ಹೊಂಟ್ಳು!" ಎಂದು ಕೂಗಿದಳು. ಅಷ್ಟು ಬಾಯಿ ತುಂಬ ಅವಳು ಕರೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಓಣಿ ತಿರುಗುವ ತನಕ ಕೆಂಪು ಕುಂಚಿಗೆ ಕಾಣುತ್ತಿತ್ತು.

ಹೇಮಗುಡ್ಡದ ಹತ್ತಿರ ಕಾಲುವೆಯ ಹಸಿರು ಮುಗಿಯಿತು. ಬಸ್ಸಿನ ಸದ್ದಿನಲ್ಲಿ ಯಾರಿಗೂ ಕೇಳದಂತೆ ಬಸವರಾಜ ಎಂದು ಒಮ್ಮೆ ಕರೆದೆ. ಯಾರೂ ಓ ಅನ್ನಲಿಲ್ಲ. ಖಾಲಿ ಚೀಲ ಮಡಚಿ ತೊಡೆಯ ಮೇಲಿಟ್ಟುಕೊಂಡೆ.