ಎಫಿಯ ಆರು ಮೀಟರ್

ಫಾಕ್‌ಲ್ಯಾಂಡ್‌ನ ಪಶ್ಚಿಮದಂಚಿನ ನಮ್ಮ ದ್ವೀಪದಲ್ಲಿ ಮನುಷ್ಯರು ಮೂವರೇ: ಎಫಿ ಮಕಾಸ್ಕಿಲ್, ಅವಳ ಗಂಡ ಡೂಗಲ್, ಅವರ ಕುರಿ ನೋಡಿಕೊಳ್ಳುವ ನಾನು. ಎಫಿ ಇಪ್ಪತ್ತೆರಡು ವರ್ಷದಿಂದ ಹಕ್ಕಿಗಳ ಕಾವಲುಗಾರ್ತಿ. ಪೆಂಗ್ವಿನ್‌ನಿಂದ ಆರು ಮೀಟರ್ ದೂರವಿರಬೇಕು ಎಂಬುದು ಅವಳ ನಿಯಮ. ಒಮ್ಮೆ ಒಂದು ಪೆಂಗ್ವಿನ್ ನಮ್ಮ ಅಡುಗೆಮನೆಗೇ ನುಗ್ಗಿದಾಗ, ಅದು ತಾನಾಗಿ ಹೊರಡುವ ತನಕ ನಾವು ಮೂವರೂ ಹಸಿದುಕೊಂಡು ಅಂಗಳದಲ್ಲಿ ನಿಂತಿದ್ದೆವು.

ಹಡಗಿನಲ್ಲಿ ಬಂದುಹೋಗುವ ಪ್ರವಾಸಿಗರು ನಿಯಮ ಕೇಳಿ ತಲೆಯಾಡಿಸಿ, ಎಫಿ ಬೆನ್ನು ತಿರುಗಿಸಿದ ಕೂಡಲೇ ಹಕ್ಕಿಯ ಕೊಕ್ಕಿಗೇ ಕ್ಯಾಮೆರಾ ಹಿಡಿಯುತ್ತಿದ್ದರು. ಆ ನವೆಂಬರ್‌ನಲ್ಲಿ ಹಡಗಿನಿಂದಿಳಿದ ಲುಡೊ ಟೆರ್‌ಹಾರ್ ಹಾಗಲ್ಲ. ಡಚ್ಚರು, ನಿವೃತ್ತ ನ್ಯಾಯಾಧೀಶರು. ನಿಯಮವನ್ನು ಪುಸ್ತಕದಲ್ಲಿ ಬರೆದುಕೊಂಡರು.

ಗೂಡುಗಳ ಪಕ್ಕದ ದಾರಿಯಲ್ಲಿ ಒಂದು ಪೆಂಗ್ವಿನ್ ಅವರತ್ತ ಬಂತು. ಅವರು ಹಿಂದೆ ಸರಿದರು. ಅದೂ ಬಂತು. ಹೀಗೇ ಸರಿದು ಸರಿದು ಬೋಳು ದಿಬ್ಬವೊಂದನ್ನು ಹತ್ತಿದಾಗ, ಸಮುದ್ರದಿಂದ ಮರಳಿದ ಹಕ್ಕಿಗಳು ಸುತ್ತಲೂ ಬಂದು ಕೂತವು.

“ಮೇಡಂ, ಯಾವ ಕಡೆ ಹೋದ್ರೂ ನಿಯಮ ಮುರಿಯತ್ತೆ!” ಎಂದು ಅವರು ಕೂಗಿದರು.

“ಅಲ್ಲೇ ನಿಂತ್ಕೊಳ್ಳಿ!” ಎಂದು ಎಫಿ ದೂರದಿಂದಲೇ ಕೂಗಿದಳು.

“ಎಷ್ಟು ಹೊತ್ತು?”

“ಮರಿಗಳು ಸಮುದ್ರಕ್ಕೆ ಇಳಿಯೋದು ಫೆಬ್ರವರಿಗೆ!”

ಅವರು ಯೋಚಿಸಿ, “ಆಗಲಿ,” ಎಂದರು. ನನಗೆ ಗಾಬರಿಯಾದದ್ದು ಆಗ.

ಡೂಗಲ್ ರೇಗಿದ. “ಕೈ ಹಿಡಿದು ಎಳ್ಕೊಂಡು ಬಾರೇ! ಇಲ್ಲಿ ಯಾರು ನೋಡ್ತಾರೆ?”

“ನಾನು ನೋಡ್ತೀನಲ್ಲ!”

ಮೀನಿನ ಗಾಳದ ಕೋಲಿಗೆ ಕಟ್ಟಿ ಅವರಿಗೆ ಕುರಿಮಾಂಸದ ಸ್ಯಾಂಡ್‌ವಿಚ್ ತಲುಪಿಸಿದೆವು. ಅಷ್ಟರಲ್ಲಿ ಒಂದು ಪೆಂಗ್ವಿನ್ ಅವರ ಎಡಬೂಟಿನ ಸುತ್ತ ಕಲ್ಲು ಜೋಡಿಸತೊಡಗಿತ್ತು. ಹಡಗು ಮೂರು ಸಲ ಕೂಗಿತು. ಎಫಿ ಹುಲ್ಲಿನ ಮೇಲೆ ಕುಸಿದು ಕೂತಳು. “ನನ್ನ ಮಾತು ಕೇಳಿದವನು ಇಷ್ಟು ವರ್ಷಕ್ಕೆ ಒಬ್ಬ ಸಿಕ್ಕಿದ. ಅವನನ್ನೂ ಕೊಲ್ತಾ ಇದೀನಿ,” ಎಂದು ಅತ್ತಳು.

ಅಳುತ್ತಿದ್ದವಳು ಥಟ್ಟನೆ ಎದ್ದಳು. ಆರು ಮೀಟರ್ ನಿಯಮ ಮೀರಿ ಗೂಡುಗಳ ನಡುವೆ ಓಡಾಡುವ ಅಧಿಕಾರ ಗೂಡು ಎಣಿಸುವ ಗಣತಿದಾರರಿಗೆ ಮಾತ್ರ ಇತ್ತು.

“ಸ್ವಾಮೀ, ನಿಮ್ಮನ್ನ ಗಣತಿಗೆ ನೇಮಿಸಿದೀನಿ. ಬನ್ನಿ ಈಚೆಗೆ!”

“ಲಿಖಿತ ಆದೇಶ ಬೇಕು, ಮೇಡಂ!”

ಜೇಬಿನಲ್ಲಿದ್ದ ಚೀಟಿಯ ಮೇಲೆ ಬರೆದು ಗಾಳದಲ್ಲೇ ಕಳಿಸಿದಳು. ಅವರು ಓದಿ, ಸಹಿ ಹಾಕಿ, ಎಡಬೂಟನ್ನು ಹಕ್ಕಿಗೇ ಬಿಟ್ಟು, ಬರೀ ಕಾಲುಚೀಲದಲ್ಲಿ ದಿಬ್ಬ ಇಳಿದರು. ಆದರೆ ನಮ್ಮತ್ತ ಬರಲಿಲ್ಲ.

“ಎತ್ಲಾಗೆ ಹೊರಟ್ರಿ? ಹಡಗು ಹೋಗತ್ತೆ!”

“ಎಣಿಸೋದು ಬೇಡ್ವೇ?”

ಹಡಗು ಹೋಯಿತು. ಸಂಜೆ ಅವರು ಒಪ್ಪಿಸಿದ ಲೆಕ್ಕ ಒಂದು ಸಾವಿರದ ನೂರ ನಲವತ್ತಮೂರು ಗೂಡು. ಎಫಿಯ ಪಟ್ಟಿಯಲ್ಲಿ ಒಂದು ಕಡಿಮೆ. ಬೂಟನ್ನು ಗೂಡೆಂದು ಎಣಿಸಬಹುದೇ ಎಂದು ಊಟದ ಮೇಜಿನಲ್ಲಿ ಇಬ್ಬರೂ ಕಿತ್ತಾಡಿದರು. ಅವರನ್ನು ಕರೆದೊಯ್ಯುವ ವಿಮಾನ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಅದೇ ಜಗಳ. ಎಫಿ ಅಷ್ಟು ಖುಷಿಯಾಗಿದ್ದುದನ್ನು ನಾನು ಎಂದೂ ಕಂಡಿರಲಿಲ್ಲ.

ಈಗ ಅವರು ಪ್ರತಿ ನವೆಂಬರ್‌ನಲ್ಲಿ ಬಂದು ಗಣತಿ ಮಾಡುತ್ತಾರೆ; ಬೂಟಿನ ಜಗಳ ಇನ್ನೂ ಮುಗಿದಿಲ್ಲ. ಡೂಗಲ್ ಆ ವಾರಗಳಲ್ಲಿ ನನ್ನ ಗುಡಿಸಲಿಗೆ ಬಂದು ಮಲಗುತ್ತಾನೆ.